ಬಿಸಿಲಿಗೆ ಬಂದವರ ತೊಟ್ಟಿಲು

ಕಳೆದ ಡಿಸೆಂಬರಿನಲ್ಲಿ ನಾನು ಒಂದು ತೊಟ್ಟಿಲಿಗೆ ಬೇಕಾದ್ದಕ್ಕಿಂತ ಹೆಚ್ಚು ವಾರ್ನಿಶ್ ಬಳಿದೆ. ಮೇಲುನೋಟಕ್ಕೆ ಇದು ಅಪರಾಧದಂತೆ ಕಾಣುವುದಿಲ್ಲ. ಯಾವ ಠಾಣೆಯವರೂ ಇದಕ್ಕೆ ದೂರು ಬರೆದುಕೊಳ್ಳುವುದಿಲ್ಲ. ಕಲಘಟಗಿ ಪೇಟೆಯಲ್ಲಿ ನಿಂತು ತಪ್ಪೊಪ್ಪಿಕೊಂಡರೆ, "ಚಲೋ ಆತ ಬಿಡ್ರಿ, ಗಟ್ಟಿ ಆಗೇತಿ" ಎಂದು ಬೆನ್ನು ತಟ್ಟಿ ಕಳಿಸಿಯಾರು. ಆದರೂ ಆ ತೊಟ್ಟಿಲಿನ ಹೊಳಪು ನೆನಪಾದರೆ ಬಾಯಿಗಿಟ್ಟ ತುತ್ತು ಅಲ್ಲೇ ನಿಲ್ಲುತ್ತದೆ. ಯಾಕೆಂದು ಮೊದಲಿನಿಂದ ಹೇಳುತ್ತೇನೆ.

ತಿಂಗಳು ಆಗಷ್ಟೇ ಶುರುವಾಗಿತ್ತು. ದೇವಿಕೊಪ್ಪದ ಹಾದಿಯಲ್ಲಿ ಮಾವಿನ ತೋಟ ಇಟ್ಟುಕೊಂಡವನೊಬ್ಬ ನಮ್ಮ ಅಂಗಳದಲ್ಲಿ ಜೀಪು ನಿಲ್ಲಿಸಿದ. ಅವನ ಅಬ್ಬಾ ಮತ್ತು ನಾನು ಒಂದೇ ಬೆಂಚಿನ ಮೇಲೆ ಕೂತು ಒಂದೇ ಛಡಿಯ ಪೆಟ್ಟು ತಿಂದವರು. ಆ ನಂಟಿನಿಂದ ನಾನು ಅವನಿಗೆ ಕಾಕಾ. ತೋಟದಲ್ಲಿ ಎರಡು ಖೋಲಿ ಕಟ್ಟಿಸಿ ಕಾಡು ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತಾನೆ. ಅವನ ಹಿಂದೆ ಎತ್ತರದ, ಬೆಳ್ಳಿ ಕೂದಲಿನ ಒಬ್ಬ ಹೆಂಗಸು ಇಳಿದರು. ನಾನು ಮಫ್ಲರ್ ಸುತ್ತಿಕೊಂಡು, ಸ್ವೆಟರಿನ ಗುಂಡಿ ಗಂಟಲವರೆಗೆ ಹಾಕಿಕೊಂಡು ಕೂತಿದ್ದೆ. ಅವರು ತೋಳಿಲ್ಲದ ಅಂಗಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು.

"ಕಾಕಾ, ಬಾಯಾರು ಪರದೇಶದಿಂದ ಬಂದಾರ್ರಿ. ಕ್ರಿಸ್‌ಮಸ್ ಸೂಟಿ ಕಳ್ಯಾಕ. ಮಗಳು, ಅಳಿಯಾ ಗೋವಾದಾಗ ಸಮುದ್ರದ ದಂಡಿಗೆ ಅದಾರ. ಇವ್ರಿಗೆ ನಿಮ್ಮ ತೊಟ್ಟಿಲಾ ಬೇಕಂತ."

"ಇಷ್ಟ ದೂರ ಬಂದ ಸೂಟಿ ಕಳ್ಯಾಕ ನಮ್ಮ ಕಲಘಟಗಿನ ಸಿಕ್ತೇನೋ?"

"ಬಿಸಲ ಐತಲ್ರೀ."

ಅವರ ದೇಶದ ವಿಚಾರ ಆಮೇಲೆ ತಿಳಿಯಿತು. ಅಲ್ಲಿ ಡಿಸೆಂಬರಿನಲ್ಲಿ ಸೂರ್ಯ ದೊಡ್ಡ ಸಾಹೇಬರ ಹಾಗೆ ತಡವಾಗಿ ಬಂದು ಊಟದ ಹೊತ್ತಿಗೆ ಎದ್ದು ಹೋಗುತ್ತಾನಂತೆ. ಕೆಲವು ದಿನ ಬರುವುದೇ ಇಲ್ಲವಂತೆ. ಕೇಳುವವರೂ ಇಲ್ಲ. ಹಾಗಾಗಿ ಉಳ್ಳವರು ಕ್ರಿಸ್‌ಮಸ್ ಸೂಟಿಗೆ ಬಿಸಿಲಿರುವ ದೇಶ ಹುಡುಕಿಕೊಂಡು ವಿಮಾನ ಹತ್ತುತ್ತಾರೆ. ನಾವು ಜನ್ಮವಿಡೀ ತಪ್ಪಿಸಿಕೊಂಡು ಓಡಾಡಿದ ವಸ್ತುವಿಗೆ ಇಷ್ಟು ಗಿರಾಕಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಯಾರಿಗೆ ತೊಟ್ಟಿಲಾ?" ಎಂದೆ.

"ಮಗಳ ಕೂಸಿಗೆ."

ನನಗೆ ಹಿಡಿಸಿತು. ಮಗಳ ಕೂಸಿಗೆ ತವರಿನಿಂದ ತೊಟ್ಟಿಲು ಹೋಗುವುದು ನಮ್ಮಲ್ಲೂ ರೂಢಿ. ಅಷ್ಟು ದೂರದ ದೇಶದಲ್ಲೂ ಇಂಥ ಒಳ್ಳೆಯ ಪದ್ಧತಿ ಉಳಿದಿದೆಯಲ್ಲ ಎಂದು ಸಂತೋಷಪಟ್ಟೆ. ಕ್ರಿಸ್‌ಮಸ್ಸಿಗೆ ಒಂದು ವಾರ ಮೊದಲು ತೊಟ್ಟಿಲು ತೆಗೆದುಕೊಂಡು ಗೋವಾಕ್ಕೆ ಹೋಗಿ, ಮಗಳ ಜೊತೆ ಸೂಟಿ ಕಳೆದು, ಹಬ್ಬದ ಹಿಂದಿನ ಸಂಜೆ ಅವಳ ಮುಂದೆ ಇಡುವುದು ಅವರ ಯೋಜನೆ. ಅವರಲ್ಲಿ ಉಡುಗೊರೆ ಕೊಡುವುದು ಆ ಸಂಜೆಯೇ. ಅಲ್ಲಿಯತನಕ ತೋಟದ ಖೋಲಿಯಲ್ಲಿ ಇದ್ದುಕೊಂಡು ಕೆಲಸ ನೋಡುತ್ತಾರಂತೆ.

ಬುಡದಿಂದ ಶುರು ಮಾಡಿದರೆ ಇದು ಅಷ್ಟು ದಿನದಲ್ಲಿ ಮುಗಿಯುವ ಕೆಲಸವಲ್ಲ. ಕಟ್ಟಿಗೆ ಕೆಲಸ ಬಡಿಗೇರನದು, ಬಣ್ಣ ಮಾತ್ರ ನನ್ನದು. ಪುಣ್ಯಕ್ಕೆ ಬಡಿಗೇರನ ಬಳಿ ಸಾಗವಾನಿಯ ಒಂದು ಸಣ್ಣ ತೊಟ್ಟಿಲು ಸಿದ್ಧವಿತ್ತು. ಕಾಲುಗಳಿಗೆ ಅವನೇ ಚರಕಿಯ ಮೇಲೆ ಅರಗು ಹಚ್ಚಿಕೊಟ್ಟ. ಕಟ್ಟಿಗೆ ಗರಗರ ತಿರುಗುವಾಗ ಬಣ್ಣದ ಅರಗಿನ ಕೋಲು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ, ಒಣಗಲು ಕಾಯಬೇಕಾಗಿಲ್ಲ. ಹಲಗೆಗಳ ಕೆಲಸ ಹಾಗಲ್ಲ. ಹುಣಸೆ ಬೀಜ ಹುರಿದು, ನೆನೆಸಿ, ಅರೆದು, ಕುದಿಸಿ ಅಂಟು ಮಾಡಬೇಕು. ಅದರಲ್ಲಿ ಬಿಳಿ ಮಣ್ಣು ಕಲಸಿ ಹಲಗೆಗೆ ಬಳಿಯಬೇಕು, ಒಣಗಿದ ಮೇಲೆ ಉಜ್ಜಬೇಕು, ಮತ್ತೆ ಬಳಿಯಬೇಕು, ಮತ್ತೆ ಉಜ್ಜಬೇಕು. ಕಟ್ಟಿಗೆಯ ಗೆರೆ ಕಾಣದಂತಾದ ಮೇಲೆ ಕೆಂಪು ನೆಲ, ಆಮೇಲೆ ಚಿತ್ರ, ಕೊನೆಗೆ ವಾರ್ನಿಶ್. ವಾರ್ನಿಶ್ ಒಂದು ಕೈ ಸಾಕು, ಎರಡಾದರೆ ಉತ್ತಮ. ಮೂರನೆಯದು ಆಡಂಬರ.

ಬಾಯಾರು ದಿನಾ ಬೆಳಿಗ್ಗೆ ಜೀಪಿನಲ್ಲಿ ಬಂದು ಅಂಗಳದ ನಡುವೆ ಕುರ್ಚಿ ಹಾಕಿಸಿಕೊಂಡು ಬಿಸಿಲಿಗೆ ಮುಖವೊಡ್ಡಿ ಕೂತುಬಿಡುತ್ತಿದ್ದರು. ನಮ್ಮ ಓಣಿಗೆ ಇದು ದೊಡ್ಡ ಚಿಂತೆಯ ವಿಷಯವಾಯಿತು.

"ಬಾಯಾರ, ನೆಳ್ಳಿಗೆ ಬರ್ರಿ. ತಲಿ ತಿರಗಿ ಬಿದ್ದೀರಿ," ಎಂದು ಮನೆಯವಳು ಎರಡು ಸಲ ಕುರ್ಚಿಯನ್ನು ಕಟ್ಟೆಯ ಮೇಲೆ ಎಳೆದು ಹಾಕಿದಳು. ಅವರು ನಗುತ್ತ ಮತ್ತೆ ಅಂಗಳಕ್ಕೇ ಎಳೆದುಕೊಂಡರು. ಎದುರು ಮನೆಯ ಅಜ್ಜಿ ಕೌದಿ ಹೊದ್ದುಕೊಂಡು ಬಾಗಿಲಲ್ಲಿ ನಿಂತು, "ಪಾಪ, ಯಾವ ಹರಕಿ ಹೊತ್ತಾಳೋ," ಎಂದು ಮರುಗಿದಳು.

ಚಿತ್ರ ಏನಿರಬೇಕು ಎಂಬುದು ಮುಂದಿನ ಪ್ರಶ್ನೆ. ಸಾಮಾನ್ಯವಾಗಿ ನಾನು ಕೃಷ್ಣನ ಬಾಲಲೀಲೆ ಬರೆಯುತ್ತೇನೆ. ಮುಸಲ್ಮಾನರ ಮನೆಯ ತೊಟ್ಟಿಲಾದರೆ ಬಳ್ಳಿ, ಹೂವು. ಬಾಯಾರು ಹೇಳಿದ್ದು ಬೇರೆ. ಇಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಬರೆಯಬೇಕಂತೆ: ಗಿಳಿ, ಕೋಳಿ, ಕಬ್ಬಿನ ಗಾಡಿ, ಹುಬ್ಬಳ್ಳಿಯ ಬಸ್ಸು. ಕೂಸು ಮಲಗಿ ಮೇಲೆ ನೋಡಿದರೆ ಕಾಣುವ ಹಾಗೆ ತಲೆಯ ಕಡೆಯ ಹಲಗೆಯ ತುಂಬ ಒಂದು ಸೂರ್ಯ ಬೇಕಂತೆ.

"ಬಿಸಲ ಗಂಟ ಕಟಗೊಂಡ ಹೋಗಾಕ ಆಗೂದಿಲ್ಲಲ್ಲ ಕಾಕಾ, ಅದಕ್ಕ ಬರಕೊಡ್ರಿ ಅನ್ನಾಕತ್ತಾರ," ಎಂದು ತೋಟದ ಮಾಲಕ ವಿವರಿಸಿದ.

ನಮ್ಮ ಮನೆತನದ ಸೂರ್ಯನಿಗೆ ಮೀಸೆ ಇರುತ್ತದೆ. ಇರಲೋ ಬೇಡವೋ ಎಂದು ಕೇಳಿಸಿದೆ. ಮೀಸೆ ಇರಲೇಬೇಕು ಎಂದು ಅವರು ಕೈ ತಟ್ಟಿದರು. ಸೂರ್ಯನ ಮೀಸೆಯನ್ನು ಅಷ್ಟು ಅಕ್ಕರೆಯಿಂದ ತೀಡಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಹಳದಿಯ ಮೇಲೆ ಕಿತ್ತಳೆ ಎಳೆಯುವಾಗ ಅವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾನೂ ಸ್ವಲ್ಪ ಉಬ್ಬಿದೆ ಎಂದು ಇಲ್ಲಿ ಒಪ್ಪಿಕೊಳ್ಳಬೇಕು.

ಹೇಳಿದ ದಿನಕ್ಕೆ ಕೆಲಸ ಮುಗಿಯುವಂತಿತ್ತು. ವಾರ್ನಿಶ್ ಒಂದು ಕೈ ಆಗಿತ್ತು. ಸೂರ್ಯನ ಕೆಳಗೆ ಕೂಸಿನ ಹೆಸರು ಬರೆಯುವುದಕ್ಕೆಂದು ಒಂದು ಪಟ್ಟಿ ಖಾಲಿ ಬಿಟ್ಟಿದ್ದೆ. "ಕೂಸಿನ ಹೆಸರೇನಂತ ಕೇಳೋ," ಎಂದು ಮಾಲಕನಿಗೆ ಹೇಳಿದೆ. ಅವನು ಕೇಳಿದ. ಬಾಯಾರು ನಕ್ಕು, ಎರಡೂ ಕೈಗಳನ್ನು ಹೊಟ್ಟೆಯ ಮುಂದೆ ಗುಂಡಗೆ ಹಿಡಿದು ತೋರಿಸಿದರು.

"ಇನ್ನ ಹುಟ್ಟಿಲ್ಲಂತ್ರಿ," ಎಂದ ಮಾಲಕ. "ಮಗಳು ಆರ ತಿಂಗಳ ಬಸರಿ ಅದಾಳಂತ. ಮಾರ್ಚನ್ಯಾಗ ಆಕ್ಕೇತಂತ."

ಕುಂಚ ಕೆಳಗಿಟ್ಟೆ.

ನಮ್ಮ ಕಡೆ ಕೂಸು ಹುಟ್ಟುವ ಮೊದಲು ತೊಟ್ಟಿಲು ಮನೆ ಹೊಗುವುದಿಲ್ಲ. ಹೆಸರಿಡುವ ದಿನ ತವರಿನವರು ತರುತ್ತಾರೆ. ಅದಕ್ಕೂ ಮೊದಲು ತಂದರೆ ಏನಾಗುತ್ತದೆಂದು ಯಾರೂ ಹೇಳುವುದಿಲ್ಲ. ಹೇಳಬಾರದು ಎಂಬುದು ಆ ಪದ್ಧತಿಯ ಅರ್ಧ ಭಾಗ. ನಾನು ಇಂಥವನ್ನು ನಂಬುವವರ ಪೈಕಿಯಲ್ಲ. ಬೆಕ್ಕು ಅಡ್ಡ ಬಂದರೆ ಅದು ಹೋಗುವವರೆಗೆ ನಿಲ್ಲುತ್ತೇನೆ, ನಿಜ, ಅದು ಸೌಜನ್ಯ. ಆದರೆ ನಮ್ಮ ಅಟ್ಟದ ಮೇಲೆ ಹಳೆಯ ಧೋತರದಲ್ಲಿ ಸುತ್ತಿಟ್ಟ ಒಂದು ತೊಟ್ಟಿಲಿದೆ. ಮದುವೆಯಾದ ಹೊಸದರಲ್ಲಿ, ಮನೆಯವಳು ಮೊದಲ ಸಲ ಬಸುರಾದಾಗ, ಹಿರಿಯರು ಬೇಡವೆಂದರೂ ಕೇಳದೆ ಉತ್ಸಾಹದಿಂದ ಬಣ್ಣ ಹಾಕಿ ಮುಗಿಸಿದ್ದು. ಅದರಲ್ಲಿ ಯಾರೂ ಮಲಗಲಿಲ್ಲ. ಆಮೇಲೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಎರವಿನ ತೊಟ್ಟಿಲಲ್ಲಿ ಬೆಳೆದರು. ತೊಟ್ಟಿಲು ಮಾಡುವವನ ಮನೆಗೆ ಎರವಿನ ತೊಟ್ಟಿಲೇಕೆ ಎಂದು ಯಾರೂ ಕೇಳಲಿಲ್ಲ. ನಮ್ಮಿಬ್ಬರ ನಡುವೆಯೂ ಆ ಮಾತು ಬಂದಿರಲಿಲ್ಲ.

ಬಾಯಾರಿಗೆ ಇದನ್ನು ಹೇಗೆ ಹೇಳುವುದು? ಬಸುರಿ ಮಗಳಿರುವ ತಾಯಿಯ ಮುಂದೆ ಆ ಮಾತು ಎತ್ತುವುದೇ ಅಶುಭ. ಅದಕ್ಕೆ ನಾನು ಸಭ್ಯ ಮನುಷ್ಯ ಮಾಡುವುದನ್ನೇ ಮಾಡಿದೆ. ಸುಳ್ಳು ಹೇಳಿದೆ.

"ವಾರ್ನಿಶ್ ಇನ್ನ ಆರಿಲ್ಲ ಅಂತ ಹೇಳು. ನಾಳಿ ಕೊಡ್ತೇನಿ."

ನನ್ನ ಲೆಕ್ಕಾಚಾರ ಸರಳವಿತ್ತು. ಎರಡು ದಿನ ಸತಾಯಿಸಿದರೆ ಬೇಸತ್ತು ಗೋವಾಕ್ಕೆ ಹೋಗುತ್ತಾರೆ. ಹೋಗುವಾಗ, "ಚಿಂತಿ ಮಾಡಬ್ಯಾಡ್ರಿ, ಕಳಸ್ತೇನಿ" ಎನ್ನುವುದು. ಮಾರ್ಚಿನಲ್ಲಿ ಸುಖವಾಗಿ ಕೂಸು ಹುಟ್ಟಿದ ಸುದ್ದಿ ಬಂದ ಮೇಲೆ ಪೆಟ್ಟಿಗೆ ಕಟ್ಟಿ ಕಳಿಸುವುದು. ಯಾರಿಗೂ ನೋವಿಲ್ಲ.

ನಮ್ಮ ಊರಿನಲ್ಲಿ ಕೆಲಸಗಾರ "ನಾಳೆ" ಎಂದರೆ ಕೇಳಿದವನಿಗೆ ಅರ್ಥವಾಗುತ್ತದೆ. ಅವನು ಬೈದು ಮನೆಗೆ ಹೋಗುತ್ತಾನೆ. ಬಾಯಾರು ಬೈಯಲೂ ಇಲ್ಲ, ಹೋಗಲೂ ಇಲ್ಲ. ಅವರ ದೇಶದಲ್ಲಿ ನಾಳೆ ಎಂದರೆ ಇವತ್ತಿನ ಮರುದಿನವಂತೆ. ಮರುದಿನ ಬೆಳಿಗ್ಗೆ ಬಂದರು. ಅವರು ಕಲಿತ ಮೊದಲ ಕನ್ನಡ ಪದವೇ ಅದು.

"ನಾಳೆ?" ಎಂದು ಬೆರಳು ತೊಟ್ಟಿಲ ಕಡೆ ತೋರಿಸಿ ನಗುತ್ತ ಕೇಳಿದರು.

"ನಾಳೆ," ಎಂದೆ.

ಅವರು ತಲೆಯಾಡಿಸಿ, ಕುರ್ಚಿ ಎಳೆದುಕೊಂಡು, ಬಿಸಿಲಿಗೆ ಕೂತರು.

ಸುಳ್ಳು ಹೇಳುವವನಿಗೂ ಒಂದು ನಿಷ್ಠೆ ಬೇಕು. ಬಾಯಾರು ಮುಟ್ಟಿ ನೋಡಿದರೆ ಒಣಗಿದ್ದು ಗೊತ್ತಾಗುತ್ತದೆ. ಹಾಗಾಗಿ ಅವರು ಹೋದ ಮೇಲೆ ಸಂಜೆ ಇನ್ನೊಂದು ಕೈ ಬಳಿದೆ. ಮರುದಿನ ಬೆಳಿಗ್ಗೆ ಅದು ಸ್ವಲ್ಪ ಅಂಟುತ್ತಿತ್ತು. ನನ್ನ ಮಾತು ನಿಜವಾಯಿತು. ಆ ಸಂಜೆ ಮತ್ತೊಂದು. ಹೀಗೆ ನನ್ನ ಪ್ರಾಮಾಣಿಕತೆ ದಿನದಿನಕ್ಕೆ ದಪ್ಪವಾಗುತ್ತ ಹೋಯಿತು. ಬಾಯಾರು ಅಕ್ಕತಂಗಿಯರ ಸಲಿಗೆಯಿಂದ ನಮ್ಮ ಮನೆಯವಳ ಪಕ್ಕ ಕೂತು ಶೇಂಗಾ ಸುಲಿಯತೊಡಗಿದರು. ರೊಟ್ಟಿ ಬಡಿಯುವ ಸದ್ದಿಗೆ ತಾಳ ಹಾಕಿದರು. ಕೆಂಪು ಚಟ್ನಿ ತಿಂದು ಕಣ್ಣೀರು ಸುರಿಸಿಕೊಂಡು ಇನ್ನಷ್ಟು ಕೇಳಿದರು. ಆಗಾಗ ಫೋನ್ ಹಿಡಿದು ಹುಣಸೆ ಮರದ ಕೆಳಗೆ ಹೋಗಿ ಮೆಲ್ಲಗೆ ಮಾತಾಡುತ್ತಿದ್ದರು. ಬಂದ ಮೇಲೆ ಎಂದಿನಂತೆ ಬಿಸಿಲಿಗೆ ಕಣ್ಣು ಮುಚ್ಚಿ ಕೂರದೆ ಸ್ವಲ್ಪ ಹೊತ್ತು ದಾರಿಯನ್ನೇ ನೋಡುತ್ತಿದ್ದರು. ನಾನು ಅದನ್ನು ನೋಡಿದೆ. ನೋಡಿ, ಡಬ್ಬಿಯಲ್ಲಿ ವಾರ್ನಿಶ್ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡಿದೆ.

ಹಬ್ಬದ ಹಿಂದಿನ ದಿನ ಬೆಳಕು ಹರಿಯುವ ಹೊತ್ತಿಗೆ ಜೀಪು ಬಂತು. ಮಾಲಕ ಒಬ್ಬನೇ ಇದ್ದ.

"ಕಾಕಾ, ನೀವು ಹಚ್ಚಿದ್ದು ವಾರ್ನಿಶ್ಶೋ ಡಾಂಬರೋ?"

"ಯಾಕೋ?"

"ಯಾಕ ಅಂತೀರಿ! ನಮ್ಮ ಕಲಘಟಗಿ ರಸ್ತೆ ಡಾಂಬರ ಸೈತ ಇಷ್ಟರಾಗ ಆರಿ ಕಿತಗೊಂಡ ಹೋಗಿರ್ತಿತ್ತು. ಬಾಯಾರು ರಾತ್ರಿಯೆಲ್ಲಾ ಮಲಗಿಲ್ಲ. ಇವತ್ತ ಸಂಜಿ ಆ ತೊಟ್ಟಿಲಾ ಮಗಳ ಮುಂದ ಇಡಬೇಕಂತ. ಇಲ್ಲಾಂದ್ರ ಬರಿಗೈಲೆ ಹೋಗಾಕ ಅವ್ರಿಗೆ ಮನಸಿಲ್ಲ."

"ಬರಿಗೈಲೆ ಹೋದ್ರ ಏನಾತೋ? ಮಾರ್ಚನ್ಯಾಗ ಕಳಸ್ತೇನಿ."

ಅವನು ಜೀಪಿಗೆ ಒರಗಿ ನಿಂತು, ಮೊದಲ ಸಲ ದನಿ ತಗ್ಗಿಸಿದ. "ಆ ಹುಡುಗಿದು ಹಿಂದ ಎರಡ ಸಲ ಬಸರ ಹೋಗೇತಂತ್ರಿ ಕಾಕಾ. ಈಗ ಹೆದರಿಕಿ. ಮನ್ಯಾಗ ಕೂಸಿಂದು ಒಂದ ಕಾಲಚೀಲ ಸೈತ ತಂದಿಟ್ಟಿಲ್ಲಂತ. ಯಾರರ ಕೂಸಿನ ಮಾತ ತಗದ್ರ ಎದ್ದ ಹೋಗ್ತಾಳಂತ. ಚಳ್ಯಾಗ, ಕತ್ತಲದಾಗ ಇದ್ರ ಇನ್ನಷ್ಟ ಕುಗ್ಗತಾಳ ಅಂತನ ಬಿಸಲಿಗೆ ಕರಕೊಂಡ ಬಂದಾರ. ತೊಟ್ಟಿಲಾ ಮುಂದಿಟ್ಟು, ನೋಡವಾ ಇದರಾಗ ಮಲಗಾಂವ ಬರಾವ ಅದಾನ, ಅಂತ ಹೇಳಬೇಕಂತ ಇವ್ರು. ಒಂದ ವಾರ ಆತು, ಆಕಿ ಅಲ್ಲಿ ಬಾರವಾ ಅಂತ ಅಳತಾಳ, ಇವ್ರು ಇಲ್ಲಿ ನಿಮ್ಮ ನಾಳಿ ಕಾಯ್ತಾರ."

ನಾನು ಕಟ್ಟೆಯ ಮೇಲೆ ಕೂತೆ. ಅವರ ಸೂಟಿಯ ಒಂದು ವಾರವನ್ನು ನಾನು ಕುಂಚದಿಂದ ಬಳಿದು ಮುಗಿಸಿದ್ದೆ. ಕೂತಲ್ಲೇ ಅವನಿಗೆ ಎಲ್ಲ ಹೇಳಿದೆ: ವಾರ್ನಿಶ್ ಯಾವಾಗಲೋ ಒಣಗಿತ್ತು, ನಾನೇ ಒದ್ದೆ ಮಾಡುತ್ತ ಬಂದೆ, ಇಂಥ ಕಾರಣಕ್ಕೆ.

ಅವನು ಹಣೆ ಬಡಿದುಕೊಂಡ. "ನನಗರ ಹೇಳಬೇಕಿತ್ತಲ್ರೀ."

"ಹೆಂಗ ಹೇಳ್ಲೋ? ಈಗರ ಹೆಂಗ ಕೊಡ್ಲಿ? ಎರಡ ಸಲ ಹೋಗೇತಿ ಅಂತೀ. ಮೂರನೇದಕ್ಕೂ ಏನರ ಆದ್ರ ನನ್ನ ಕೈಯಿಂದ ಆದಂಗಲ್ಲೇನೋ?"

ಒಳಗೆ ಬಳೆಯ ಸದ್ದಾಯಿತು. ಮನೆಯವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು.

"ಕೊಟ್ಟ ಕಳಸ್ರಿ," ಎಂದಳು.

"ನಿನಗ ಗೊತ್ತಿದ್ದೂ ಹಿಂಗಂತೀಯಲ್ಲ."

"ಗೊತ್ತಿದ್ದನ ಅನ್ನಾಕತ್ತೇನಿ." ಅವಳು ಕೈಯ ಹಿಟ್ಟನ್ನು ನಿಧಾನವಾಗಿ ಉದುರಿಸಿದಳು. "ನೀವು ಬಣ್ಣ ಹಚ್ಚಿದ್ದಕ್ಕ ನಂದು ಹೋತು ಅಂತ ತಿಳ್ಕೊಂಡಿರೇನು, ಇಷ್ಟ ವರ್ಷ?"

ನನ್ನ ಕಣ್ಣು ಬಾಗಿಲಾಚೆಯ ಅಟ್ಟದ ಕಡೆ ಹೋಯಿತು. ಅದೇ ಉತ್ತರವೆಂದು ಅವಳಿಗೆ ತಿಳಿಯಿತು.

"ಹುಚ್ಚರದೀರಿ. ಆಗ ಮನಿ ಮಂದಿಯೆಲ್ಲಾ ಬಾಯಿಗೆ ಸೆರಗ ಹಿಡಕೊಂಡ ಕುಂತಿದ್ರು. ಆಕ್ಕೇತಿ, ಹೆದರಬ್ಯಾಡ ಅಂತ ಒಬ್ರೂ ಅನ್ನಲಿಲ್ಲ. ನೀವೊಬ್ರು ಹುಚ್ಚರಂಗ ತೊಟ್ಟಿಲಾ ಮಾಡ್ಕೋತ ಕುಂತಿದ್ರಿ. ನಂಗ ಅದೊಂದ ಧೈರ್ಯ ಇತ್ತು. ಆ ಹುಡುಗಿಗೆ ಆಕಿ ಅವ್ವ ಧೈರ್ಯ ಹೇಳಾಕ ಬಂದಾಳ. ನೀವು ಅಡ್ಡ ಬರಬ್ಯಾಡ್ರಿ."

ಮಾಲಕ ಜೀಪಿನ ಗಾಲಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ.

"ಹತ್ತರೊಳಗ ಬಿಡಬೇಕ್ರಿ ಕಾಕಾ," ಎಂದ ಕಡೆಗೆ. "ಯಲ್ಲಾಪುರದ ಘಟ್ಟ ಇಳದು ಗೋವಾ ಮುಟ್ಟೂದ್ರಾಗ ಸಂಜಿ ಆಕ್ಕೇತಿ."

ನಿರ್ಧಾರವಾಯಿತು. ತೊಟ್ಟಿಲು ಹೊರಗೆ ತರಲು ಹೋದೆ. ಹಲಗೆಗೆ ಕೈ ಹಚ್ಚಿದೆ. ಕೈ ಅಂಟಿಕೊಂಡಿತು.

ಹಿಂದಿನ ಸಂಜೆ ನಾನು ಬಳಿದದ್ದು ಎಂದಿಗಿಂತ ದಪ್ಪವಿತ್ತು. ಆ ರಾತ್ರಿ ಇಬ್ಬನಿಯೂ ಜೋರು. ಒಂದು ವಾರದ ಸುಳ್ಳುಗಳ ಪೈಕಿ ಇದೊಂದು ನಿಜಕ್ಕೂ ಒಣಗಿರಲಿಲ್ಲ. ಇಷ್ಟು ದಿನ ಒಣಗಿದ್ದನ್ನು ಒಣಗಿಲ್ಲ ಎಂದವನು, ಈಗ ಒಣಗದ್ದನ್ನು ಹತ್ತು ಗಂಟೆಯೊಳಗೆ ಒಣಗಿಸಬೇಕಾಯಿತು. ದೇವರಿಗೂ ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ತೀರಿಸುವ ಬಿಡುವು ಇರುತ್ತದೆಂದು ಅನಿಸಿರಲಿಲ್ಲ.

ಮಾಲಕ ಬಾಯಾರನ್ನೂ ಅವರ ಪೆಟ್ಟಿಗೆಯನ್ನೂ ಕರೆತರಲು ಹೋದ. ನಾನೂ ಮನೆಯವಳೂ ತೊಟ್ಟಿಲನ್ನು ಅಂಚಿನಲ್ಲಿ ಹಿಡಿದು, ದಿನಾ ಬಾಯಾರ ಕುರ್ಚಿ ಇರುತ್ತಿದ್ದ ಜಾಗದಲ್ಲೇ ಇಟ್ಟೆವು. ಬಿಸಿಲು ಇನ್ನೂ ಎಳೆಯದು. ಹೆಚ್ಚು ಬಿಸಿ ತಾಗಿಸಿದರೆ ವಾರ್ನಿಶ್ ಗುಳ್ಳೆ ಬರುತ್ತದೆ. ಒಲೆಯ ಹತ್ತಿರ ಇಡುವಂತಿಲ್ಲ. ಗಾಳಿ ಹಾಕಿದರೆ ಧೂಳು ಕೂಡುತ್ತದೆ. ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿದೆವು. ಬಿಸಿಲು ಸರಿದಂತೆ ತೊಟ್ಟಿಲನ್ನು ಸರಿಸುತ್ತ, ಸೂರ್ಯನ ಚಿತ್ರವನ್ನು ಸೂರ್ಯನಿಗೇ ತೋರಿಸುತ್ತ ನಿಂತೆ. ಮೋಡವೊಂದು ಬಂದಾಗ ನನ್ನ ಬಾಯಿಂದ ಬಂದ ಮಾತು ಕೇಳಿ ಎದುರು ಮನೆಯ ಅಜ್ಜಿ ಕೌದಿಯೊಳಗೆ ಮುಖ ಮುಚ್ಚಿಕೊಂಡಳು.

ಬಾಯಾರು ಜೀಪಿನಿಂದ ಇಳಿದರು. ಕಣ್ಣು ಕೆಂಪಾಗಿದ್ದವು. ತೊಟ್ಟಿಲ ಹತ್ತಿರ ಬಂದು ಎಂದಿನಂತೆ ಕೇಳಿದರು, ಆದರೆ ನಗಲಿಲ್ಲ.

"ನಾಳೆ?"

"ಇವತ್ತ," ಎಂದೆ. ಮಾಲಕ ಆ ಮಾತನ್ನು ಅವರಿಗೆ ಹೇಳಿದ.

ಅವರಿಗೆ ನಂಬಿಕೆ ಬರಲಿಲ್ಲ. ನಾನು ತಡೆಯುವಷ್ಟರಲ್ಲಿ ಹೆಬ್ಬೆರಳಿನಿಂದ ಸೂರ್ಯನ ಕೆಳಗಿನ ಆ ಖಾಲಿ ಪಟ್ಟಿಯನ್ನು ಒತ್ತಿ ನೋಡಿದರು. ಬೆರಳಿನ ಗುರುತು ಗೆರೆಗೆರೆಯಾಗಿ ಮೂಡಿತು. ನಾನು ಚಿಂದಿ ತೆಗೆದುಕೊಂಡು ಓಡಿದೆ. ಅವರು ಕೈ ಅಡ್ಡ ಹಿಡಿದು, ಇರಲಿ ಎಂದು ಸನ್ನೆ ಮಾಡಿದರು. ಆ ಗುರುತು ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

"ಲೇ ತಮ್ಮಾ, ಈಗ ನಾ ಹೇಳೂದನ್ನ ಒಂದ ಮಾತ ಬಿಡದಂಗ ಬಾಯಾರಿಗೆ ಹೇಳು," ಎಂದೆ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ನಮ್ಮ ಪದ್ಧತಿ ಹೇಳಿದೆ, ನನ್ನ ಅಂಜಿಕೆ ಹೇಳಿದೆ, ಬೇಕಂತಲೇ ದಿನಾ ಸಂಜೆ ವಾರ್ನಿಶ್ ಬಳಿದದ್ದು ಹೇಳಿದೆ. ಮಗಳಿಂದ ಒಂದು ವಾರ ದೂರ ಇಟ್ಟದ್ದಕ್ಕೆ ಕೈ ಮುಗಿದೆ. ಅಟ್ಟದ ವಿಷಯವೂ ಬಂತು. ಇಷ್ಟು ಉದ್ದ ಮಾತು ನಾನು ಮದುವೆಯ ದಿನವೂ ಆಡಿರಲಿಲ್ಲ.

ಮಾಲಕ ಗಂಭೀರವಾಗಿ ಕೇಳಿಸಿಕೊಂಡ. ಬಾಯಾರ ಕಡೆ ತಿರುಗಿ ನಾಲ್ಕೈದು ಶಬ್ದ ಹೇಳಿದ. ಬಾಯಾರ ಮುಖ ಅರಳಿತು. ನನ್ನ ಎರಡೂ ಕೈ ಹಿಡಿದುಕೊಂಡು ಕುಲುಕಿದರು.

"ಏನ್ ಹೇಳಿದ್ಯೋ ನೀ?"

"ಕೆಲಸ ಪಕ್ಕಾ ಆಗಲಿ ಅಂತ ತಡಾ ಮಾಡಿದ್ರು, ಮಾಫ್ ಮಾಡ್ರಿ ಅಂತ ಹೇಳ್ದೆ."

"ನಾ ಹಂಗ ಹೇಳ್ಲಿಲ್ಲ!"

"ಕಾಕಾ," ಎಂದ ಅವನು, ನಗುಮುಖ ಬಾಯಾರ ಕಡೆಗೇ ಇಟ್ಟುಕೊಂಡು, "ಎರಡ ಸಲ ಹೋದಾಕಿ ಅವ್ವನ ಮುಂದ, ಹಬ್ಬದ ದಿನಾ, ಆ ಮಾತ ಆಡ ಅಂತೀರಿ? ನಿಮ್ಮ ಬಾಯಾಗ ಬರ್ಲಿಲ್ಲ ಒಂದ ವಾರ. ನನ್ನ ಬಾಯಾಗ ಹೆಂಗ ಬರಬೇಕ್ರಿ?"

ನಾನು ಟೊಪ್ಪಿಗೆಯನ್ನು ಮತ್ತೆ ತಲೆಗೆ ಹಾಕಿಕೊಂಡೆ. ನಾನು ಕಲಿಸಿದ ಸೌಜನ್ಯವನ್ನೇ ಅವನು ನನಗೆ ತಿರುಗಿಸಿ ಕೊಟ್ಟಿದ್ದ.

ಅರಗಿನ ಕಾಲುಗಳನ್ನು ಬಿಚ್ಚಿ ಕಂಬಳಿಯಲ್ಲಿ ಸುತ್ತಿದೆವು. ತೊಟ್ಟಿಲಿಗೆ ಮಾತ್ರ ಬಟ್ಟೆ ಸುತ್ತುವಂತಿರಲಿಲ್ಲ, ಅಂಟುತ್ತದೆ. ಜೀಪಿನ ಹಿಂಭಾಗದಲ್ಲಿ ಹುಲ್ಲು ಹಾಸಿ, ನೆಟ್ಟಗೆ ಇಟ್ಟು, ನಾಲ್ಕೂ ಮೂಲೆಗೆ ಹಗ್ಗ ಬಿಗಿದೆ. ಅಷ್ಟರಲ್ಲಿ ಮನೆಯವಳು ಸೆರಗಿನಲ್ಲಿ ಏನನ್ನೋ ಹೊತ್ತು ತಂದಳು. ಚಟ್ನಿ ಅರೆಯುವ ಒರಳಿನ ಗುಂಡುಕಲ್ಲು. ತೊಳೆದು, ಅರಿಷಿಣ ಕುಂಕುಮ ಹಚ್ಚಿ, ನಮ್ಮ ಮಕ್ಕಳ ಹಳೆಯ ಕುಂಚಿಗೆ ತೊಡಿಸಿದ್ದಳು.

ಹೆಸರಿಡುವಾಗ ನಮ್ಮಲ್ಲಿ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುತ್ತಾರೆ, ಬರುವ ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು.

"ಖಾಲಿ ತೊಟ್ಟಿಲಾ ಮನಿ ಹೊಗಬಾರದಂತ ನಿಮಗ ಅಂಜಿಕಿ ಹೌದಲ್ರಿ? ಖಾಲಿ ಕಳಸಬ್ಯಾಡ್ರಿ," ಎಂದು ಕಲ್ಲನ್ನು ಮೆಲ್ಲಗೆ ತೊಟ್ಟಿಲಲ್ಲಿ ಮಲಗಿಸಿದಳು. ಬಾಯಾರಿಗೆ ಇದನ್ನು ಮಾತ್ರ ಮಾಲಕ ಒಂದು ಅಕ್ಷರ ಬಿಡದೆ ಹೇಳಿದ. ಅವರು ಬಹಳ ಹೊತ್ತು ನಮ್ಮ ಮನೆಯವಳ ಭುಜಕ್ಕೆ ಮುಖ ಒತ್ತಿಕೊಂಡು ನಿಂತರು.

"ದಾರ್‍ಯಾಗ ಗಾಡಿ ತಡದು ಇದೇನಂತ ಕೇಳಿದ್ರ ಏನ್ ಹೇಳ್ಲಿ ಕಾಕೂ?" ಎಂದ ಮಾಲಕ.

"ಕೂಸು ಮಲಗೇತಿ, ಗದ್ಲಾ ಮಾಡಬ್ಯಾಡ್ರಿ ಅಂತ ಹೇಳು."

ಜೀಪು ಯಲ್ಲಾಪುರದ ದಾರಿ ಹಿಡಿಯಿತು.

ಮರುದಿನ ಮಾಲಕನ ಫೋನಿನಲ್ಲಿ ಒಂದು ಫೋಟೋ ನೋಡಿದೆ. ಕಾಗದದ ನಕ್ಷತ್ರವೊಂದರ ಕೆಳಗೆ ತೊಟ್ಟಿಲು, ಅದರೊಳಗೆ ಕುಂಚಿಗೆ ತೊಟ್ಟ ನಮ್ಮ ಗುಂಡುಕಲ್ಲು. ಹಬ್ಬಕ್ಕೆ ಅವರೂ ತೊಟ್ಟಿಲಲ್ಲಿ ದೇವರ ಕೂಸನ್ನು ಮಲಗಿಸುತ್ತಾರಂತೆ. ಆ ವರ್ಷ ಆ ಮರ್ಯಾದೆ ನಮ್ಮ ಚಟ್ನಿಯ ಕಲ್ಲಿಗೆ ಸಂದಿತ್ತು. ಪಕ್ಕದಲ್ಲಿ ಒಬ್ಬ ತೆಳ್ಳಗಿನ ಹುಡುಗಿ ನೆಲದ ಮೇಲೆ ಕೂತು ತೊಟ್ಟಿಲ ಅಂಚು ಹಿಡಿದಿದ್ದಳು. ಮುಖ ಕಾಣುತ್ತಿರಲಿಲ್ಲ.

ಆಮೇಲೆ ಶುರುವಾದದ್ದು ಶಿಕ್ಷೆ. ಸುದ್ದಿ ಬರುವತನಕ ಮನೆಗೆ ಬೇರೆ ಕಲ್ಲು ತರಕೂಡದು ಎಂದು ಮನೆಯವಳು ಹೇಳಿದಳು. ರೊಟ್ಟಿಯ ಜೊತೆ ಪೇಟೆಯ ಚಟ್ನಿ ಪುಡಿ ಬರತೊಡಗಿತು. ಅದಕ್ಕೆ ಉಪ್ಪು, ಖಾರ ಎಲ್ಲ ಇತ್ತು. ಕಲ್ಲು ಮಾತ್ರ ಇರಲಿಲ್ಲ. ಪ್ರತಿ ಊಟಕ್ಕೂ ಆ ಕಲ್ಲಿಲ್ಲದ ಒರಳು ಮೂಲೆಯಿಂದ ಬಾಯಿ ತೆರೆದು ನೋಡುತ್ತಿತ್ತು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಜೀಪು ಬಂದು ನಿಂತಿತು. ಒಳಗೆ ಮನೆಯವಳ ಸೌಟಿನ ಸದ್ದು ನಿಂತಿತು. ನಾನು ಹೊರಗೆ ಹೋಗಲು ಎದ್ದವನು ಮತ್ತೆ ಕೂತೆ. ಅವನು ಬಂದದ್ದು ಬಣ್ಣ ಹೋದ ಒಂದು ಮಣೆಗೆ ಹೊಸ ಬಣ್ಣ ಹಚ್ಚಿಸಲು. ಅವನನ್ನು ಅಂದು ಬೈದ ಹಾಗೆ ಯಾರನ್ನೂ ಬೈದಿಲ್ಲ.

ಮಾರ್ಚಿನ ಕೊನೆಗೆ ಅವನು ಜೀಪು ನಿಲ್ಲಿಸುವ ಮೊದಲೇ ಹಾರ್ನ್ ಹೊಡೆಯುತ್ತ ಬಂದ. ಅಂಗಳದಿಂದಲೇ, "ಹೆಣ್ಣ ಕೂಸ್ರಿ ಕಾಕೂ! ಇಬ್ರೂ ಅಗದೀ ಆರಾಮ ಅದಾರ!" ಎಂದು ಕೂಗಿದ. ಫೋಟೋದಲ್ಲಿ ಕೂಸು ಅಂಗಾತ ಮಲಗಿ ಮೀಸೆಯ ಸೂರ್ಯನನ್ನು ಅನುಮಾನದಿಂದ ನೋಡುತ್ತಿತ್ತು. ಕಾಲಿನ ಕಡೆ ನಮ್ಮ ಗುಂಡುಕಲ್ಲು. ನಾನು ಇನ್ನೂ ಹತ್ತದ ವಿಮಾನವನ್ನು ಹತ್ತಿ ಹೋದ ಕಲ್ಲು. ಅದಕ್ಕೊಂದು ಹೆಣೆದ ಉಣ್ಣೆಯ ಟೊಪ್ಪಿಗೆ ಬೇರೆ. ಕ್ರಿಸ್‌ಮಸ್ಸಿನ ಮರುದಿನ ಮಗಳು ಉಣ್ಣೆ ತರಿಸಿಕೊಂಡು ಕೂಸಿಗೆಂದು ಟೊಪ್ಪಿಗೆ ಹೆಣೆಯಲು ಕೂತಳಂತೆ. ಅಳತೆಗೆ ಕೂಸಿರಲಿಲ್ಲ, ಕಲ್ಲಿಗೇ ಹಾಕಿ ನೋಡಿದಳಂತೆ.

ಬಾಯಾರು ಬರೆದಿದ್ದನ್ನು ಮಾಲಕ ಓದಿ ಹೇಳಿದ. ಖಾಲಿ ಪಟ್ಟಿಯಲ್ಲಿ ಇನ್ನೂ ಅವರ ಹೆಬ್ಬೆರಳೇ ಇದೆ, ಹೆಸರು ಬರೆಸುವುದಿಲ್ಲವಂತೆ. ಅಲ್ಲಿ ಬಂದವರಿಗೆಲ್ಲ ಅವರು ಒಂದು ಕತೆ ಹೇಳುತ್ತಾರಂತೆ: ಬಿಸಿಲಿನ ದೇಶದಲ್ಲಿ ಒಬ್ಬ ಬಣ್ಣದ ಮುದುಕ ಇದ್ದಾನೆ, ಕೆಲಸ ತನ್ನ ಮನಸ್ಸಿಗೆ ಬರುವವರೆಗೆ ಕೊಡಲೇ ಇಲ್ಲ, ದಿನಕ್ಕೊಂದು ಕೈ ವಾರ್ನಿಶ್ ಬಳಿದ, ಅಂಥ ನಿಷ್ಠಾವಂತ ಕೆಲಸಗಾರನನ್ನು ತಾನು ಕಂಡಿಲ್ಲ.

ನನಗೆ ತಲೆ ಎತ್ತಲಾಗಲಿಲ್ಲ.

"ಕೀರ್ತಿ ಪರದೇಶಕ್ಕ ಹೋತ ನೋಡ್ರಿ," ಎಂದು ಮನೆಯವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ಮೇಲೆ ನೋಡಿದಳು. "ಸಂತಿಗೆ ಹೋಗಿ ಹೊಸಾ ಕಲ್ಲ ತರ್ರಿ. ಹೋಗೂಕಿಂತ ಮೊದಲ ಅಟ್ಟದ ಮ್ಯಾಲಿಂದ ಅದನ್ನ ಕೆಳಗ ಇಳಸ್ರಿ."

ನಾನು ಏಣಿ ತರಲು ಎದ್ದೆ.

"ಯಾರರ ಅಂಜಿದಾಕಿ ಅವ್ವ ಬಂದ್ರ ಕೊಡಾಕ ಆಕ್ಕೇತಿ. ಬಣ್ಣ ಚಲೋ ಇರಬೇಕು ಇನ್ನ."

ಏಣಿ ಹಾಕಿ ಇಳಿಸಿದೆ. ಅಂಗಳದಲ್ಲಿ ಧೋತರ ಬಿಚ್ಚಿದೆ. ಬಣ್ಣ ಮಾಸಿತ್ತು, ಸೂರ್ಯನ ಮೀಸೆ ನೆಟ್ಟಗಿತ್ತು. ಡಬ್ಬಿಯ ಮುಚ್ಚಳ ತೆಗೆದು ಕುಂಚ ಅದ್ದಿದೆ.

"ಒಂದ ಕೈ ಸಾಕ್ರಿ," ಎಂದಳು ಮನೆಯವಳು, ನನ್ನ ಪಕ್ಕ ಬಿಸಿಲಿನಲ್ಲಿ ಕೂತುಕೊಂಡು.